ಮುಳಬಾಗಿಲಿನ ದಾರಿಯಲ್ಲಿ ಒಂದು ಸದ್ದು

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ಮಾವಿನ ತೋಪುಗಳು. ಅವುಗಳಾಚೆ ಬೋಳು ಕಲ್ಲುಗುಡ್ಡಗಳು. ವೈಶಾಖದ ಬಿಸಿಲಿನಲ್ಲಿ, ವೃದ್ಧ ತಾಯಿಯವರೊಡನೆ ಆಂಜನೇಯಸ್ವಾಮಿಯ ದರ್ಶನಕ್ಕೆಂದು ಹೊರಟಿದ್ದೆನು. ರಾತ್ರಿಯೆಲ್ಲ ತೋಪಿನಲ್ಲಿ ನಿಂತಿದ್ದ ನಮ್ಮ ಹಳೆಯ ಕಾರು, ಏಸಿ ಹಾಕಿದೊಡನೆ ಟರಟರನೆ ಸದ್ದುಮಾಡತೊಡಗಿತು. ದಾರಿಯಲ್ಲಿ ಸಿಕ್ಕಿದ ಮೆಕ್ಯಾನಿಕನೊಬ್ಬನು ಕಂಪ್ರೆಸರನ್ನೇ ಬದಲಿಸಬೇಕೆಂದನು. ಬೆಲೆ ಕೇಳಿದ ತಾಯಿಯವರು, "ಅದೇನೂ ಬೇಡಪ್ಪ, ಕಿಟಕಿ ತೆಗೆ" ಎಂದರು. ಆದರೆ ಸುಡುಗಾಳಿಗೆ ಅವರ ಮುಖ ಬಾಡಿತು.

ಇಂಜಿನನ್ನು ನಿಲ್ಲಿಸಿ, ಕೀಲಿ ತಿರುವಿ ಫ್ಯಾನನ್ನು ಮಾತ್ರ ಓಡಿಸಿ ನೋಡಿದೆನು: ಸದ್ದು ಹಾಗೆಯೇ ಇದ್ದಿತು! ಕಂಪ್ರೆಸರನ್ನು ತಿರುಗಿಸುವುದು ಇಂಜಿನೇ ಆದುದರಿಂದ, ಪಾಪ, ಅದು ನಿರ್ದೋಷಿ. ಡ್ಯಾಶ್‌ಬೋರ್ಡಿನ ಡಬ್ಬಿಯನ್ನು ಕಳಚಿದರೆ, ಫ್ಯಾನಿನ ಅಲಗುಗಳಿಗೆ ಒಣಗಿದ ಮಾವಿನೆಲೆಯೊಂದು ಸಿಕ್ಕಿಕೊಂಡಿತ್ತು.

ಗುಡಿಯೆದುರು ಕಾರು ನಿಂತಾಗ ಒಳಗೆ 'ಸ್ಸ್' ಎಂದಿತು. ತಾಯಿಯವರು ಬೆಚ್ಚಿದರು. ಕೊಳವೆಗಳಲ್ಲಿ ಒತ್ತಡ ಸಮವಾಗುವ ಸಹಜವಾದ ಸದ್ದು ಅದೆಂದು ಹೇಳಿ, ಕೈಹಿಡಿದು ಇಳಿಸಿದೆನು.