ಧಾರಾವಾಹಿ ಉಳಿಸಲು ಲಕ್ಷ ಪತ್ರ

ಓದುವ ಹುಡುಗರು ಟಿ.ವಿ. ಮುಂದೆ ಕೂತರೆ ಕೆಟ್ಟರೆಂದೇ ಹಿರಿಯರ ಲೆಕ್ಕ. 1968ರ ಜನವರಿಯ ಒಂದು ರಾತ್ರಿ ಅಮೆರಿಕದ ಹಿರಿಯರಿಗೂ ಹಾಗೆಯೇ ಅನ್ನಿಸಿರಬೇಕು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸುಮಾರು ಇನ್ನೂರು ವಿದ್ಯಾರ್ಥಿಗಳು ಪಂಜು ಹಿಡಿದು ಬರ್ಬ್ಯಾಂಕಿನ ಎನ್‌ಬಿಸಿ ಸ್ಟುಡಿಯೋಗೆ ಮೆರವಣಿಗೆ ಹೊರಟರು. ವಿಯೆಟ್ನಾಂ ಯುದ್ಧದ ಕಾಲ, ಮೆರವಣಿಗೆಗಳಿಗೇನೂ ಬರವಿರಲಿಲ್ಲ. ಆದರೆ ಇವರ ಬೇಡಿಕೆಯೇ ಬೇರೆ: 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ನಿಲ್ಲಿಸಬಾರದು!

ನಗು ಬರುವ ಸಂಗತಿಯೇ. ಆದರೆ ಅವರು ಅಷ್ಟೊಂದು ಮೆಚ್ಚಿದ್ದು ಏನನ್ನು? 1966ರ ಸೆಪ್ಟೆಂಬರ್ 8ರಂದು ಶುರುವಾದ ಆ ಕಥೆಯಲ್ಲಿ ಎಂಟರ್‌ಪ್ರೈಸ್ ಎಂಬ ವ್ಯೋಮನೌಕೆ ನಕ್ಷತ್ರಲೋಕ ಸುತ್ತುತ್ತದೆ. ನೌಕೆಯ ಸಂಪರ್ಕಾಧಿಕಾರಿ ಉಹುರಾ ಆಫ್ರಿಕದ ಹೆಣ್ಣುಮಗಳು. ಚುಕ್ಕಾಣಿ ಹಿಡಿದ ಸುಲು ಏಷ್ಯಾ ಮೂಲದವನು. ಶೀತಲ ಸಮರದ ನಡುವೆಯೇ ಒಬ್ಬ ರಷ್ಯನ್ ತರುಣನೂ ಬಂದು ಸೇರಿದ. ಚೂಪುಕಿವಿಯ ಸ್ಪಾಕ್ ಅಂತೂ ಅರ್ಧ ಬೇರೆ ಗ್ರಹದವನೇ. ಕರಿಯರ ಮತದಾನದ ಹಕ್ಕಿಗೆ 1965ರಲ್ಲಷ್ಟೇ ಕಾನೂನಿನ ಭದ್ರತೆ ಸಿಕ್ಕಿದ್ದ ದೇಶದಲ್ಲಿ ಇವರೆಲ್ಲ ಸಮಾನರಾಗಿ ದುಡಿಯುವುದನ್ನು ತೋರಿಸಿದ್ದು ಸಣ್ಣ ಮಾತಲ್ಲ.

ನೋಡುಗರ ಸಂಖ್ಯೆ ಸಾಲದೆಂದು ಧಾರಾವಾಹಿ ನಿಲ್ಲುವ ಸುದ್ದಿ ಹಬ್ಬಿದಾಗ ಪತ್ರ ಚಳವಳಿಗೆ ಮುಂದಾದವರು ಬೀಜೋ ಟ್ರಿಂಬಲ್ ಮತ್ತು ಆಕೆಯ ಪತಿ ಜಾನ್. ಅವರ ಉಪಾಯ ಸರಳ. ನೀವೊಂದು ಪತ್ರ ಬರೆಯಿರಿ, ಹತ್ತು ಜನರಿಂದ ಬರೆಯಿಸಿ, ಆ ಹತ್ತರಲ್ಲಿ ಒಬ್ಬೊಬ್ಬರೂ ಮತ್ತೆ ಹತ್ತು ಜನರಿಗೆ ಹೇಳಲಿ. ಒಂದೇ ಮನವಿಗೆ ಸಾಲುಸಾಲು ಸಹಿ ಹಾಕಿ ಕೈತೊಳೆದುಕೊಳ್ಳುವುದು ಬೇಡ, ಪ್ರತಿಯೊಬ್ಬರೂ ತಮ್ಮದೇ ಮಾತಿನಲ್ಲಿ ಬರೆಯಲಿ. ಸಹಿ ಹಾಕಲು ಯೋಚನೆ ಬೇಕಿಲ್ಲ. ಪತ್ರ ಬರೆಯಬೇಕಾದರೆ ತನಗೆ ಇದು ಏಕೆ ಇಷ್ಟ ಎಂದು ಒಂದು ಕ್ಷಣವಾದರೂ ಯೋಚಿಸಲೇಬೇಕು. ಎನ್‌ಬಿಸಿ ತಾನೇ ಕೊಟ್ಟ ಲೆಕ್ಕದಂತೆ ಬಂದ ಪತ್ರಗಳು ಒಂದು ಲಕ್ಷಕ್ಕೂ ಹೆಚ್ಚು. ನಿರ್ಮಾಪಕ ಜೀನ್ ರಾಡನ್‌ಬೆರಿಯ ಬೆಂಬಲ ತೆರೆಮರೆಯಲ್ಲಿತ್ತು, ನಿಜ. ಆದರೆ ಲಕ್ಷ ಜನರ ಕೈಗೆ ಪೆನ್ನು ಹಿಡಿಸಲು ಯಾವ ನಿರ್ಮಾಪಕನಿಂದಲೂ ಆಗದು.

1968ರ ಮಾರ್ಚ್ 1ರಂದು, ಅಂದಿನ ಕಂತು ಮುಗಿದೊಡನೆ, ಧಾರಾವಾಹಿ ಮುಂದುವರಿಯುತ್ತದೆಂಬ ಪ್ರಕಟಣೆ ಬಂತು. ದಯವಿಟ್ಟು ಇನ್ನು ಪತ್ರ ಬರೆಯಬೇಡಿ ಎಂಬ ವಿನಂತಿಯೂ ಜೊತೆಗಿತ್ತು!

ಗೆಲುವು ಬಹಳ ದಿನ ಉಳಿಯಲಿಲ್ಲ. ಹೊಸ ಸಮಯ ಶುಕ್ರವಾರ ರಾತ್ರಿ ಹತ್ತು ಗಂಟೆ. ಕಾಲೇಜು ಹುಡುಗರು ಮನೆಯಲ್ಲಿರದ ಹೊತ್ತು. 1969ರಲ್ಲಿ, 79 ಕಂತುಗಳಿಗೆ, ಕಥೆ ಮುಗಿಯಿತು.

ಧಾರಾವಾಹಿ ಹೋಯಿತು, ಜನ ಚದುರಲಿಲ್ಲ. 1967ರಲ್ಲೇ 'ಸ್ಪಾಕನೇಲಿಯ' ಎಂಬ ಅಭಿಮಾನಿ ಪತ್ರಿಕೆ ಹುಟ್ಟಿತ್ತು. ಅದರ ಹಿಂದೆಯೇ ಇನ್ನೂ ಎಷ್ಟೋ ಬಂದವು. ಹೆಚ್ಚಿನವನ್ನು ನಡೆಸಿದವರು ಮಹಿಳೆಯರು. ಹಗಲು ಕೆಲಸ ಮುಗಿಸಿ ರಾತ್ರಿ ಟೈಪು ಮಾಡಿ, ಸೈಕ್ಲೋಸ್ಟೈಲ್ ಹಾಕಿ ಅಂಚೆಗೆ ಹಾಕುವುದು. ಲಾಭದ ಮಾತಿಲ್ಲ, ಅಂಚೆ ಖರ್ಚು ಹುಟ್ಟಿದರೆ ಪುಣ್ಯ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಮ್ಮೇಳನ ನಡೆಯಿತು. ಕೆಲವು ನೂರು ಜನರನ್ನು ನಿರೀಕ್ಷಿಸಿದ್ದಲ್ಲಿಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. 1976ರಲ್ಲಿ ಮತ್ತೆ ಪತ್ರಗಳ ಮಳೆ. ಈ ಸಲ ಅಧ್ಯಕ್ಷ ಫೋರ್ಡ್ ಅವರ ಕಚೇರಿಗೆ. 'ಕಾನ್‌ಸ್ಟಿಟ್ಯೂಷನ್' ಆಗಬೇಕಿದ್ದ ಮೊದಲ ಸ್ಪೇಸ್ ಷಟಲ್ 'ಎಂಟರ್‌ಪ್ರೈಸ್' ಆಯಿತು. ಪರೀಕ್ಷೆಗೆಂದೇ ಕಟ್ಟಿದ ಆ ನೌಕೆ ಒಮ್ಮೆಯೂ ಅಂತರಿಕ್ಷಕ್ಕೆ ಹೋಗಲಿಲ್ಲ ಎಂಬುದು ಅಭಿಮಾನಿಗಳ ದುರದೃಷ್ಟ.

ಇವರೆಲ್ಲ ದೇವತೆಗಳೇನಲ್ಲ. ಹೊಸತನ್ನು, ಬೇರೆಯದನ್ನು ಒಪ್ಪಿಕೊಳ್ಳಬೇಕೆಂದು ಸಾರುವ ಕಥೆಯನ್ನು ಬಾಯಿಪಾಠ ಮಾಡಿದ್ದವರೇ, 1987ರಲ್ಲಿ ಹೊಸ ನಾಯಕ, ಹೊಸ ತಂಡದೊಂದಿಗೆ ಮತ್ತೊಂದು ಸ್ಟಾರ್ ಟ್ರೆಕ್ ಬರುವಾಗ ಮೂಗು ಮುರಿದರು. ಒಪ್ಪಿಕೊಳ್ಳಲು ಕೆಲವರಿಗೆ ವರ್ಷಗಳೇ ಹಿಡಿದವು.

ಉಹುರಾ ಆಗಿ ನಟಿಸಿದ ನಿಶೆಲ್ ನಿಕೋಲ್ಸ್ 1977ರಲ್ಲಿ ನಾಸಾ ಪರವಾಗಿ ಊರೂರು ತಿರುಗಿ, ಗಗನಯಾತ್ರಿಗಳಾಗಲು ಅರ್ಜಿ ಹಾಕಿರೆಂದು ಮಹಿಳೆಯರನ್ನೂ ಕರಿಯರನ್ನೂ ಹುರಿದುಂಬಿಸಿದರು. ಷಿಕಾಗೋದಲ್ಲಿ ಉಹುರಾಳನ್ನು ನೋಡುತ್ತ ಬೆಳೆದ ಮೇ ಜೆಮಿಸನ್ ಎಂಬ ಹುಡುಗಿ ವೈದ್ಯೆಯಾದಳು. 1992ರ ಸೆಪ್ಟೆಂಬರಿನಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದಳು. ನೌಕೆಯಲ್ಲಿ ತಮ್ಮ ಪಾಳಿಯನ್ನು ಆಕೆ ಶುರು ಮಾಡುತ್ತಿದ್ದುದು ಉಹುರಾಳ ಮಾತಿನಿಂದಲೇ. ಮರುವರ್ಷ ಹೊಸ ಸ್ಟಾರ್ ಟ್ರೆಕ್‌ನ ಒಂದು ಕಂತಿನಲ್ಲಿ ಆಕೆಗೆ ಪುಟ್ಟ ಪಾತ್ರ ಸಿಕ್ಕಿತು. ಚಿತ್ರೀಕರಣದ ದಿನ ನಿಕೋಲ್ಸ್ ನೋಡಲು ಬಂದಿದ್ದರು.