ದಾಯಾದಿಯ ಆಸರೆ

ದಾಯಾದಿ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ತಂದೆಯು ತೀರಿಕೊಂಡು ಮಗನು ಇನ್ನೂ ಎಳೆಯನಾಗಿರುವ ಮನೆಯಲ್ಲಿ ತಾಯಿಯಾದವಳು ಹೊಲಗದ್ದೆಗಳ ಪತ್ರಗಳನ್ನು ಪೆಟ್ಟಿಗೆಯ ತಳದಲ್ಲಿ ಸೇರಿಸಿಡುವುದು ಕಳ್ಳನಿಗೆ ಅಂಜಿಯಲ್ಲ, ದಾಯಾದಿಗೆ ಅಂಜಿ. ಕೌರವ ಪಾಂಡವರ ಕಥೆಯನ್ನು ಕೇಳುತ್ತ ಬೆಳೆದ ಜನಕ್ಕೆ ಈ ಅಂಜಿಕೆಯು ಸಹಜವಾದುದೇ. ಆದರೆ ಕನ್ನಡನಾಡಿನ ಇತಿಹಾಸದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವೊಂದು ಇದೆ. ಅಲ್ಲಿ ಬಾಲಕನೊಬ್ಬನ ಸಿಂಹಾಸನವನ್ನು ಉಳಿಸಿಕೊಟ್ಟವನು ದಾಯಾದಿಯೇ. ಆ ಬಾಲಕನು ಮುಂದೆ ನೃಪತುಂಗನೆಂದು ಹೆಸರಾದ ರಾಷ್ಟ್ರಕೂಟ ಅಮೋಘವರ್ಷ. ಆ ದಾಯಾದಿಯು ಲಾಟದೇಶದ ಕರ್ಕ.

ರಾಷ್ಟ್ರಕೂಟರ ಮನೆತನದಲ್ಲಿ ಪಟ್ಟವು ತಂದೆಯಿಂದ ಮಗನಿಗೆ ನೆಮ್ಮದಿಯಾಗಿ ಬಂದುದು ವಿರಳ. ಅಮೋಘವರ್ಷನ ತಾತನಾದ ಧ್ರುವನು ತನ್ನ ಅಣ್ಣನಾದ ಇಮ್ಮಡಿ ಗೋವಿಂದನನ್ನು ಸುಮಾರು ೭೮೦ರಲ್ಲಿ ಕೆಳಗಿಳಿಸಿ ತಾನು ದೊರೆಯಾದನು. ಆ ಧ್ರುವನು ಕಾಲವಾಗುವಾಗ ಪಟ್ಟಕ್ಕೆ ನಿಯಮಿಸಿದ್ದು ಹಿರಿಯ ಮಗನಾದ ಸ್ತಂಭನನ್ನಲ್ಲ, ಕಿರಿಯನಾದ ಮುಮ್ಮಡಿ ಗೋವಿಂದನನ್ನು. ಸ್ತಂಭನು ಸುಮ್ಮನಿರಲಿಲ್ಲ. ಹನ್ನೆರಡು ಮಂದಿ ಅರಸರನ್ನು ಕೂಡಿಸಿಕೊಂಡು ತಮ್ಮನ ಮೇಲೆ ಎದ್ದನು. ಗೋವಿಂದನು ಅವನನ್ನು ಗೆದ್ದನು. ಗೆದ್ದಮೇಲೆ ಕ್ಷಮಿಸಿ ಗಂಗವಾಡಿಯ ಆಡಳಿತವನ್ನು ಅವನಿಗೇ ಮರಳಿ ಒಪ್ಪಿಸಿದನು. ಲಾಟದೇಶವನ್ನು, ಎಂದರೆ ಈಗಿನ ದಕ್ಷಿಣ ಗುಜರಾತನ್ನು, ತಮ್ಮನಾದ ಇಂದ್ರನಿಗೆ ಕೊಟ್ಟನು. ಈ ಇಂದ್ರನ ಮಗನೇ ಕರ್ಕ. ಸುವರ್ಣವರ್ಷನೆಂಬುದು ಅವನ ಬಿರುದು.

ಬಾಲಕನು ಹುಟ್ಟಿದ್ದು ರಾಜಧಾನಿಯ ಅಂತಃಪುರದಲ್ಲಲ್ಲ. ಉತ್ತರದ ದಂಡಯಾತ್ರೆಯ ನಡುವೆ ಮುಮ್ಮಡಿ ಗೋವಿಂದನು ಮಳೆಗಾಲವನ್ನು ಕಳೆಯಲು ಶ್ರೀಭವನವೆಂಬ ಊರಿನಲ್ಲಿ ಬೀಡುಬಿಟ್ಟಿದ್ದಾಗ ಈ ಶಿಶು ಜನಿಸಿತೆಂದು ಶಾಸನದಿಂದ ತಿಳಿದುಬರುತ್ತದೆ. ಶ್ರೀಭವನವು ಭರೂಚ ಸೀಮೆಯ ಸರಭೋಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಅವನು ಕಣ್ಣು ತೆರೆದುದು ಮುಂದೆ ತನಗೆ ಆಸರೆಯಾಗಲಿದ್ದ ಲಾಟದ ನೆಲದಲ್ಲಿಯೇ.

೮೧೪ರಲ್ಲಿ ಗೋವಿಂದನು ತೀರಿಕೊಂಡನು. ಮಗನಿನ್ನೂ ಬಾಲಕ. ತಂದೆಯ ಕತ್ತಿಗೆ ಅಂಜಿ ತಲೆಬಾಗಿದ್ದವರೆಲ್ಲ ಈಗ ತಲೆಯೆತ್ತಿದರು. ಹಿಂದೆ ಗೋವಿಂದನಿಂದ ಪದಚ್ಯುತನಾಗಿದ್ದ ವೆಂಗಿಯ ಇಮ್ಮಡಿ ವಿಜಯಾದಿತ್ಯನು ತನ್ನ ರಾಜ್ಯವನ್ನು ಮತ್ತೆ ಕಟ್ಟಿಕೊಂಡನು. ಗಂಗರು ಸ್ವತಂತ್ರರಾಗಲು ಹವಣಿಸಿದರು. ಇದಕ್ಕಿಂತಲೂ ಕಠಿಣವಾದುದು ಒಳಗಿನ ಬೇನೆ. ಕಪ್ಪ ಕೊಡುತ್ತಿದ್ದ ಸಾಮಂತರೂ ಸ್ವಂತ ಕುಲದವರೂ ತಿರುಗಿಬಿದ್ದರು. ರಾಷ್ಟ್ರಕೂಟರ ಪ್ರತಾಪಸೂರ್ಯನು ಮುಳುಗಿಹೋದನೆಂಬಂತೆ ಆಯಿತು. ಹುಡುಗನಿಗೆ ಅರಸುತನವು ಹೆಸರಿಗೂ ಉಳಿಯಲಿಲ್ಲ.

ಈ ಸಮಯದಲ್ಲಿ ಕರ್ಕನ ಸ್ಥಿತಿಯು ಏನೆಂಬುದನ್ನು ಸ್ವಲ್ಪ ಆಲೋಚಿಸಬೇಕು. ಅವನು ಧ್ರುವನ ಮೊಮ್ಮಗ. ರಕ್ತದಲ್ಲಿ ಬಾಲಕನಿಗಿಂತ ಕಡಿಮೆಯವನಲ್ಲ. ಅವನ ಕೈಯಲ್ಲಿ ಸೈನ್ಯವಿತ್ತು, ಸಂಪನ್ನವಾದ ಒಂದು ದೇಶವಿತ್ತು. ೮೧೨ರಷ್ಟು ಹಿಂದೆಯೇ ಅವನು ತನ್ನ ಹೆಸರಿನಲ್ಲಿ ದಾನಶಾಸನಗಳನ್ನು ಹೊರಡಿಸುತ್ತಿದ್ದನು. ಮೇಲ್ಪಂಕ್ತಿಗಾಗಿ ದೂರ ಹೋಗಬೇಕಾಗಿರಲಿಲ್ಲ. ಅವನ ತಾತನೇ ಅಣ್ಣನ ಪಟ್ಟವನ್ನು ಕಿತ್ತುಕೊಂಡವನು. ಪಿತಾಮಹನು ಮಾಡಿದುದನ್ನು ಮೊಮ್ಮಗನು ಮಾಡಿದ್ದರೆ ಅವನನ್ನು ಆಕ್ಷೇಪಿಸುವ ಶಕ್ತಿ ಯಾರಿಗಿತ್ತು? ರಾಜ್ಯವು ಎಳೆಯನ ಕೈಯಲ್ಲಿ ಕೆಡುವುದೆಂಬ ನೆಪವೂ ಸಿದ್ಧವಾಗಿತ್ತು. ಆ ನೆಪದಲ್ಲಿ ಸುಳ್ಳಿನ ಅಂಶವೂ ಇರಲಿಲ್ಲ.

ಕರ್ಕನು ಆ ದಾರಿಯನ್ನು ಹಿಡಿಯಲಿಲ್ಲ. ದಂಗೆಯೆದ್ದವರನ್ನು ಅಡಗಿಸಿ, ಚಿಕ್ಕವನಾದ ಅಮೋಘವರ್ಷನನ್ನು ಅವನ ಸಿಂಹಾಸನದಲ್ಲಿ ಮತ್ತೆ ಕುಳ್ಳಿರಿಸಿದನು. ೮೧೬ರ ಅವನ ನವಸಾರಿಯ ತಾಮ್ರಪಟಗಳಲ್ಲಿ ಈ ಸಂಗತಿಯ ಮಾತಿಲ್ಲ. ೮೨೧ರ ಸೂರತ್ತಿನ ಪಟಗಳಲ್ಲಿ ಇದೆ. ಆದುದರಿಂದ ದಂಗೆಯೂ ಪುನಃಸ್ಥಾಪನೆಯೂ ಈ ಐದು ವರ್ಷಗಳೊಳಗೆ ನಡೆದುವೆಂದು ಎಣಿಸಬಹುದಾಗಿದೆ. ತನ್ನ ಉಪಕಾರವನ್ನು ತಾನೇ ಕೆತ್ತಿಸಿಕೊಂಡನಲ್ಲವೆ ಎಂದು ಯಾರಾದರೂ ನಗಬಹುದು. ಆದರೆ ಕೆತ್ತಿಸಿಕೊಂಡುದು ಉಪಕಾರವನ್ನೇ ಹೊರತು ಸಾರ್ವಭೌಮ ಪದವಿಯನ್ನಲ್ಲ. ಕೆಲಸ ಮುಗಿದಮೇಲೆ ಅವನು ಲಾಟದ ಸಾಮಂತನಾಗಿಯೇ ಉಳಿದನು.

ಪಟ್ಟವೇರಿದ ಬಾಲಕನು ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದನು. ಮಾನ್ಯಖೇಟವು, ಎಂದರೆ ಕಲಬುರಗಿ ಸೀಮೆಯ ಮಳಖೇಡವು, ಅವನ ಕಾಲದಲ್ಲಿ ದಖ್ಖಣದ ರಾಜಧಾನಿಯಾಗಿ ಮೆರೆಯಿತು. ಈಗ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಬಾಲ್ಯದಲ್ಲಿ ಕಲಿತ ಪಾಠವು ಅವನಿಗೆ ಮರೆತಂತೆ ತೋರುವುದಿಲ್ಲ. ಬಹುಕಾಲ ಹೋರಾಡಿದ ಗಂಗರೊಡನೆ ಕಡೆಗೆ ಬಾಂಧವ್ಯವನ್ನೇ ಬೆಳೆಸಿ, ತನ್ನ ಮಗಳನ್ನು ಗಂಗರ ಬೂತುಗನಿಗೆ ಕೊಟ್ಟನು. ನಾಡಿಗೆ ಬಂದ ವಿಪತ್ತು ಕಳೆಯಲೆಂದು ಕೊಲ್ಲಾಪುರದ ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ೮೭೧ರ ಸಂಜಾನ ತಾಮ್ರಪಟಗಳು ಹೇಳುತ್ತವೆ.

ಇಲ್ಲಿಗೇ ಕಥೆ ಮುಗಿದಿದ್ದರೆ ಕೇಳಲು ಇಂಪಾಗಿರುತ್ತಿತ್ತು. ಆದರೆ ಕರ್ಕನ ಕಾಲಾನಂತರ ಅವನ ಮಗನಾದ ಧ್ರುವನಿಗೂ ಅಮೋಘವರ್ಷನಿಗೂ ವೈರ ಬೆಳೆಯಿತು. ಉಪಕಾರ ಮಾಡಿದವನ ಮಗನು ಉಪಕಾರ ಪಡೆದವನ ಸೈನ್ಯದೊಡನೆ ಹೋರಾಡಿ ರಣದಲ್ಲಿ ಮಡಿದನು. ಆ ಜಗಳವು ಮೊಮ್ಮಕ್ಕಳ ಕಾಲಕ್ಕೆ ಹೋಗಿ ತಣಿಯಿತು. ತಪ್ಪು ಯಾರದೆಂದು ತೀರ್ಮಾನಿಸಲು ತಾಮ್ರಪಟಗಳು ಸಾಲವು. ಹೊಲಮನೆಗಳು ಪಿತ್ರಾರ್ಜಿತವಾಗಿ ಇಳಿದುಬರುವಂತೆ ಕೃತಜ್ಞತೆಯು ಇಳಿದುಬರುವುದಿಲ್ಲ. ಅದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಗಳಿಸಬೇಕಾಗುತ್ತದೆ.

ಆದರೂ ಕರ್ಕನು ಮಾಡಿದುದು ಇದರಿಂದ ಸಣ್ಣದಾಗುವುದಿಲ್ಲ. ಎಳೆಯನ ಹಕ್ಕನ್ನು ಶಾಸ್ತ್ರವು ಹೇಳಬಹುದು, ತಂದೆಯು ಸಾಯುವಾಗ ಸಾರಬಹುದು. ಆದರೆ ಅದು ನಿಲ್ಲುವುದು ಕಸಿದುಕೊಳ್ಳಬಲ್ಲವನೊಬ್ಬನು ಕಸಿದುಕೊಳ್ಳದೆ ಇರುವುದರಿಂದ. ನೃಪತುಂಗನ ಹೆಸರನ್ನು ಕನ್ನಡಿಗರೆಲ್ಲರೂ ಬಲ್ಲರು. ಕೈಗೆಟುಕಿದ ಸಿಂಹಾಸನವನ್ನು ಬಾಲಕನಿಗೆ ಬಿಟ್ಟುಕೊಟ್ಟು ತನ್ನ ಸೀಮೆಗೆ ಹಿಂದಿರುಗಿದ ಆ ದಾಯಾದಿಯನ್ನೂ ಅವನೊಡನೆ ಒಮ್ಮೆ ನೆನೆಯುವುದು ನ್ಯಾಯವಾದುದು.