ಊರಿಗೆ ಹೋಗಿ ತಿಳಿಸ್ತೀವಿ

ಕಾನೂನು ಪದವಿ ಮುಗಿದ ವರ್ಷ ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಲು ಅರ್ಜಿ ಹಾಕಿದ್ದೆ. ಕಡತ ಓದಿ ಟಿಪ್ಪಣಿ ಮಾಡುವುದು, ಹಳೆಯ ತೀರ್ಪುಗಳನ್ನು ಹುಡುಕಿಕೊಡುವುದು ಆ ಕೆಲಸ. ಸಂದರ್ಶನ ಮುಗಿಸಿ ಉಮ್ಮತ್ತೂರಿಗೆ ಬಂದು ಕಾದೆ.

ಅಪ್ಪ ಹೊಲದಿಂದ ಬಂದವರೇ "ಕಾಗ್ದ ಬಂತಾ ಕೂಸೇ?" ಎನ್ನುತ್ತಿದ್ದರು. ಬಂದಿಲ್ಲ ಎಂದರೆ ಅವರಿಗೆ ಇನ್ನೂ ಆಸೆ.

ಒಂದು ಸಂಜೆ ಮೊಬೈಲಿನಲ್ಲಿ ಆಯ್ಕೆಯಾದವರ ಪಟ್ಟಿ ಸಿಕ್ಕಿತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ನನ್ನ ಹೆಸರಿರಲಿಲ್ಲ. ಅಷ್ಟೇ ಉತ್ತರ.

ಆದೇಶಕ್ಕೆ ಕಾರಣ ಕೊಡಬೇಕು ಎಂದು ಕಾಲೇಜಿನಲ್ಲಿ ಕಲಿತಿದ್ದೆವು. ಸೋತ ಕಕ್ಷಿದಾರರಿಗೂ ತೀರ್ಪಿನ ಪ್ರತಿ ಸಿಗುತ್ತದೆ. ಅರ್ಜಿ ಹಾಕಿದವಳಿಗೆ ಸಿಕ್ಕಿದ್ದು ಮೌನ.

1960ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಹೆಂಗಸೆಂಬ ಕಾರಣಕ್ಕೆ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನು ಕ್ಲರ್ಕ್ ಆಗಿ ತೆಗೆದುಕೊಳ್ಳಲಿಲ್ಲ. 1993ರಲ್ಲಿ ಆಕೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು. ಗೆಳತಿಯರು ಸಮಾಧಾನಕ್ಕೆ ಈ ಕತೆ ಹೇಳಿದರು. ನನಗೆ ಅಷ್ಟು ದೊಡ್ಡ ಆಸೆಯೇನಿರಲಿಲ್ಲ. ಆಗಲಿಲ್ಲ ಎಂದು ಅಪ್ಪನಿಗೆ ಓದಿ ಹೇಳಲು ಎರಡು ಸಾಲು ಸಾಕಿತ್ತು. ಏನು ಕಡಿಮೆಯಾಯಿತು ಎಂದು ಗೊತ್ತಾಗಿದ್ದರೆ ಮುಂದಿನ ಸಲ ತಿದ್ದಿಕೊಳ್ಳುತ್ತಿದ್ದೆ.

ಕೊನೆಗೆ ನಾನೇ ಹೇಳಿದೆ. "ಕಾಗ್ದ ಬರಲ್ಲ ಕಣಪ್ಪ. ಆಗ್ದೇ ಇದ್ದೋರಿಗೆ ಬರೆಯೋದಿಲ್ಲ."

ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ನಿಮ್ಮಕ್ಕನ್ನ ನೋಡಕ್ ಬಂದೋರು ಊರಿಗೆ ಹೋಗಿ ತಿಳಿಸ್ತೀವಿ ಅಂದಿದ್ರಲ್ಲ, ಹಂಗೇ ಬುಡು."

ಅಡುಗೆಮನೆಯಲ್ಲಿ ಅಕ್ಕ ಮುದ್ದೆ ತೊಳಸುತ್ತಿದ್ದಳು. ಒಂದು ಗಳಿಗೆ ಕೋಲು ನಿಂತಿತು, ಮತ್ತೆ ತಿರುಗಿತು.